ಯಾನೆಲಾಳ ಎರಡು ಕ್ಷೌರ

ಅರೆಕಿಪಾ ಊರಿನ ಪೌಕರ್ಪಾತಾ ಬಡಾವಣೆಯಲ್ಲಿ, ವ್ಯಾನುಗಳು ನಿಲ್ಲುವ ಮೂಲೆಗೆ ಹೊಂದಿಕೊಂಡಂತೆ ದೊನ್ಯಾ ಮೆಲ್ಚೋರಾಳ ಕ್ಷೌರದಂಗಡಿ. ಮೊದಲು ಅದು ಅವಳ ಗಂಡ ಸತುರ್ನೀನೋನದಾಗಿತ್ತು. ಅವನು ತೀರಿಕೊಂಡ ಮೇಲೆ ಕುರ್ಚಿ, ಕನ್ನಡಿ, ಕತ್ತರಿ ಎಲ್ಲವನ್ನೂ ಮಾರಿಬಿಡು ಎಂದು ಬುದ್ಧಿ ಹೇಳಲು ಬಂದವರು ಬಹಳ ಮಂದಿ. ಹಾಗೆ ಬಂದವರೆಲ್ಲ ಅವನ್ನು ಕೊಳ್ಳುವ ಆಸೆಯವರೇ. ಅವಳು ಮಾರಲಿಲ್ಲ. ಹೆಂಗಸಿನ ಕತ್ತಿಗೆ ಕುತ್ತಿಗೆ ಒಡ್ಡುವುದು ಹೇಗೆಂದು ಬೀದಿಯ ಗಂಡಸರು ಬಾಗಿಲಲ್ಲೇ ನಿಂತು ಎರಡು ಮಾತಾಡಿ ಹೋಗಿಬಿಡುತ್ತಿದ್ದರು. ಆಗ ಅವಳು ಮಗ ರುಫೀನೋನನ್ನೇ ಕುರ್ಚಿಯಲ್ಲಿ ಕೂರಿಸಿ, ಬಾಗಿಲನ್ನು ಅಗಲಕ್ಕೆ ತೆರೆದಿಟ್ಟು, ಬೇಕಿರಲಿ ಬೇಡದಿರಲಿ ಅವನ ತಲೆಯ ಮೇಲೆ ಕತ್ತರಿ ಆಡಿಸುತ್ತಿದ್ದಳು.

"ಸಾಕು ಬಿಡಮ್ಮ, ಇನ್ನು ಕತ್ತರಿಸಬೇಕು ಅಂದ್ರೆ ಕಿವಿ ಮಾತ್ರ ಉಳಿದಿರೋದು" ಎಂದು ಅವನು ಗೋಳಾಡುವುದನ್ನು ಕೇಳಿ ನಕ್ಕವರು ಒಬ್ಬೊಬ್ಬರಾಗಿ ಒಳಗೆ ಬಂದು ಕೂತರು. ಕೂತವರು ಮತ್ತೆ ಬೇರೆ ಕಡೆ ಹೋಗಲಿಲ್ಲ. ಅವಳ ಕೈ ನಿಧಾನ. ಒಂದು ಕಿವಿಯ ಹಿಂದೆ ಎಷ್ಟು ತೆಗೆದಳೋ ಇನ್ನೊಂದರ ಹಿಂದೆಯೂ ಅಷ್ಟೇ. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯ ಫಲಿತಾಂಶ ಬರುವ ಕಾಲದಲ್ಲಿ ಅವಳ ಕೈಗೆ ಬಿಡುವೇ ಇರುವುದಿಲ್ಲ. ಸೀಟು ಸಿಕ್ಕವನ ತಲೆಯನ್ನು ಅದೇ ದಿನ ಬೋಳಿಸಬೇಕು. ಅದು ಇಲ್ಲಿಯ ಪದ್ಧತಿ. ಮೊದಲ ಎಳೆಯನ್ನು ಕತ್ತರಿಸುವುದು ಆ ದಿನಕ್ಕೆಂದು ಆರಿಸಿದ ದೊಡ್ಡ ಮನುಷ್ಯ. ಆಮೇಲೆ ಚಿಕ್ಕಪ್ಪ, ಅತ್ತೆ, ಪಕ್ಕದ ಮನೆಯವರು ಎಲ್ಲರೂ ಒಂದೊಂದು ಕಡೆ ಕಚ್ಚಿದ ಹಾಗೆ ಕತ್ತರಿಸುತ್ತಾರೆ. ಕೊನೆಗೆ ಆ ತಲೆಯನ್ನು ನುಣ್ಣಗೆ ಮಾಡುವುದು ಮೆಲ್ಚೋರಾಳ ಕೆಲಸ. ಹೆಣ್ಣುಮಕ್ಕಳಾದರೆ ಭುಜದ ಮಟ್ಟಕ್ಕೆ ನಿಲ್ಲಿಸುತ್ತಾರೆ. ಸಂತೋಷದ ದಿನವಾದರೂ ಕತ್ತರಿ ಹತ್ತಿರ ಬರುತ್ತಿದ್ದಂತೆ ಎಲ್ಲರೂ "ಅಯ್ಯೋ, ತಡೀರಿ, ತಡೀರಿ" ಎನ್ನುತ್ತಾರೆ. ಅದನ್ನು ಅವಳು ಎಂದೂ ಕಿವಿಗೆ ಹಾಕಿಕೊಂಡವಳಲ್ಲ.

ಊರವರ ಮಕ್ಕಳ ತಲೆಗಳೆಲ್ಲ ಅವಳ ಕೈಯಲ್ಲಿ ಹಾದುಹೋದವು, ತನ್ನ ಮನೆಯ ಒಂದು ತಲೆ ಮಾತ್ರ ಬರಲಿಲ್ಲ. ರುಫೀನೋ ಪರೀಕ್ಷೆ ಬರೆದ, ತೇರ್ಗಡೆಯಾಗಲಿಲ್ಲ, ವ್ಯಾನಿನ ಸ್ಟೀರಿಂಗ್ ಹಿಡಿದ. ಈಗ ಅವನ ಮಗಳು ಯಾನೆಲಾಳ ಸರದಿ.

ಯಾನೆಲಾ ಎರಡು ಕಡೆ ಪರೀಕ್ಷೆ ಬರೆದಿದ್ದಳು. ಒಂದು ಊರಿನ ಸರ್ಕಾರಿ ವಿಶ್ವವಿದ್ಯಾಲಯ. ಅಲ್ಲಿ ಸಿಸ್ಟಮ್ಸ್ ಇಂಜಿನಿಯರಿಂಗ್. ಇನ್ನೊಂದು ನದಿಯಾಚೆಯ ಖಾಸಗಿ ವಿಶ್ವವಿದ್ಯಾಲಯ. ಅಲ್ಲಿ ಕಂಪ್ಯೂಟರ್ ಸೈನ್ಸ್. ಎರಡಕ್ಕೂ ಇರುವ ವ್ಯತ್ಯಾಸ ಮನೆಯಲ್ಲಿ ಅವಳೊಬ್ಬಳನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಎಲ್ಲಿ ಹೋದರೂ ಕೂತು ಕೀಲಿಮಣೆ ಕುಟ್ಟುವುದೇ ತಾನೇ ಎಂಬುದು ರುಫೀನೋನ ತಿಳುವಳಿಕೆ.

ಸರ್ಕಾರಿ ವಿಶ್ವವಿದ್ಯಾಲಯದ ಫಲಿತಾಂಶ ಮೊದಲು ಬಂತು. ಯಾನೆಲಾಳಿಗೆ ಸೀಟು ಸಿಕ್ಕಿತ್ತು. ರುಫೀನೋ ಮೂಲೆಯಿಂದಲೇ ವ್ಯಾನಿನ ಹಾರನ್ ಒತ್ತಿ ಹಿಡಿದು ಬಂದ. ಒಳಗಿದ್ದ ಪ್ರಯಾಣಿಕರನ್ನು ಇಳಿಸುವುದನ್ನೇ ಮರೆತಿದ್ದ. ಅವರೂ ಇಳಿದು ಬಂದು ಅಂಗಡಿಯಲ್ಲಿ ನಿಂತರು. ದೋನ್ ಪ್ಲಾಸಿದೋ ಅಂತೂ ತುತ್ತೂರಿ, ಡೋಲಿನವರನ್ನೇ ಕರೆತಂದ. ಅವನು ಅದೇ ವಿಶ್ವವಿದ್ಯಾಲಯದ ಗೇಟು ಕಾದು ನಿವೃತ್ತನಾದವನು. ರುಫೀನೋನ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿಕೊಂಡು ನಿಂತವನೂ ಅವನೇ. ಅಂದಿನಿಂದ ಆ ನಂಟಿನ ಮೇಲೆ ಅವನಿಗೆ ಮೆಲ್ಚೋರಾ ಕೊಮಾದ್ರೆ, ಅವಳಿಗೆ ಅವನು ಕೊಂಪಾದ್ರೆ.

"ನನ್ನ ಗೇಟೊಳಗೆ ನನ್ನ ಮೊಮ್ಮಗಳು!" ಎಂದು ಅವನು ಡೋಲಿನ ಸದ್ದಿಗಿಂತ ಮೇಲೆ ಕೂಗಿ, ಯಾನೆಲಾಳ ಸೊಂಟದವರೆಗಿನ ಜಡೆಯ ತುದಿಗೆ ಕತ್ತರಿ ಇಟ್ಟ.

"ಅಜ್ಜಿ, ತಡಿ" ಎಂದಳು ಯಾನೆಲಾ. "ಇನ್ನೊಂದರದ್ದು ಬರೋದಿದೆ. ಅದು ಬರಲಿ, ತಡಿ."

ಮೆಲ್ಚೋರಾಳಿಗೆ ಮಾತು ಕೇಳಿಸಿತು. ಆದರೆ ಕುರ್ಚಿಯಲ್ಲಿ ಕೂತವರೆಲ್ಲ ತಡಿ ಎನ್ನುವವರೇ. "ಹೂಂ ಹೂಂ, ನಿಮ್ಮಪ್ಪನ ಕಾಲದಿಂದ ಇಷ್ಟು ವರ್ಷ ತಡೆದದ್ದು ಸಾಲದಾ?" ಎಂದು ನಗುತ್ತಾ ಜಡೆಯನ್ನು ಭುಜದ ಮಟ್ಟಕ್ಕೆ ಕತ್ತರಿಸಿಯೇಬಿಟ್ಟಳು. ಮರುದಿನ ಭಾನುವಾರ. ಮಾರುಕಟ್ಟೆಯಲ್ಲಿ ಹಣ್ಣಿನ ರಸ ಮಾರುವ ಸೊಸೆ ಎಲ್ವಾ ದೊಡ್ಡ ಮಣ್ಣಿನ ಮಡಕೆಯಲ್ಲಿ ಹಂದಿಮಾಂಸದ ಅದೋಬೋ ಸಾರು ಬೇಯಿಸಿದಳು. ಬೀದಿಯವರೆಲ್ಲ ಬ್ರೆಡ್ಡು ಅದ್ದಿ ಅದ್ದಿ ತಿಂದು ಹರಸಿ ಹೋದರು.

ಕೆಲವು ದಿನ ಕಳೆದ ಮೇಲೆ ಎದ್ಸನ್ ಎಂಬ ಹುಡುಗ ತಾಯಿಯ ಜೊತೆ ತಲೆ ಬೋಳಿಸಿಕೊಳ್ಳಲು ಬಂದ. ಅವನಿಗೆ ನದಿಯಾಚೆಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಅರ್ಧ ತಲೆ ಆಗಿತ್ತು, ಅಷ್ಟರಲ್ಲಿ ಅವನು, "ಯಾನೆಲಾದು ಎರಡನೇ ಸಲ ಯಾವಾಗ ಅಜ್ಜಿ?" ಎಂದು ಕೇಳಿದ.

"ಏನು ಎರಡನೇ ಸಲ?"

"ಅವಳಿಗೂ ಸಿಕ್ತಲ್ಲ! ನಮಗೆಲ್ಲರಿಗಿಂತ ಮೇಲೆ. ಸ್ಕಾಲರ್‌ಶಿಪ್ ಬೇರೆ, ಫೀಸೇ ಇಲ್ಲ. ಬರ್ತೀನೋ ಇಲ್ವೋ ಅಂತ ಶುಕ್ರವಾರದೊಳಗೆ ಹೇಳಬೇಕು. ಮನೇಲಿ ಹೇಳಿಲ್ವಾ?"

ಮೆಷಿನ್ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ಅಜ್ಜೀ, ಅರ್ಧಕ್ಕೆ ನಿಲ್ಲಿಸಬೇಡಿ, ನಾನು ಹೊರಗೆ ಹೋಗೋದು ಹೇಗೆ?" ಎಂದು ಎದ್ಸನ್ ಗಾಬರಿಯಾದ. ಅವಳು ಉಳಿದರ್ಧವನ್ನೂ ಅಷ್ಟೇ ನಿಧಾನವಾಗಿ ಮುಗಿಸಿ, ಕುತ್ತಿಗೆಗೆ ಪೌಡರ್ ಹಾಕಿ ಒರೆಸಿ, ಹರಸಿ ಕಳಿಸಿದಳು. ಆಮೇಲೆ ಬಾಗಿಲು ಅರ್ಧ ಎಳೆದು ಹಿತ್ತಿಲಿಗೆ ಹೋದಳು.

ಯಾನೆಲಾ ಅಲ್ಲಿ ಕೂತು ಅವರೆಯಂಥ ದಪ್ಪ ಕಾಳುಗಳನ್ನು ಸುಲಿಯುತ್ತಿದ್ದಳು. ಅಜ್ಜಿಯೂ ಎದುರಿಗೆ ಕೂತು ಒಂದು ಕಾಯಿ ಕೈಗೆತ್ತಿಕೊಂಡಳು.

"ಎದ್ಸನ್ ಬಂದಿದ್ದ."

ಯಾನೆಲಾಳ ಬೆರಳು ನಿಂತಿತು. "ಅವನಿಗೆ ಬಾಯಿ ಸ್ವಲ್ಪ ಉದ್ದ."

"ನಿನಗೆ ಸ್ವಲ್ಪ ಗಿಡ್ಡ. ಯಾಕೆ ಹೇಳಲಿಲ್ಲ?"

"ಕೂದಲು ಕತ್ತರಿಸಿ ಆಯ್ತಲ್ಲ ಅಜ್ಜಿ. ಪ್ಲಾಸಿದೋ ತಾತ ಡೋಲು ಹೊಡೆಸಿದ್ದಾಯ್ತು, ಬೀದಿಯೆಲ್ಲಾ ಬಂದು ಉಂಡಿದ್ದಾಯ್ತು. ಈಗ ಅದು ಬೇಡ, ಇದು ಬೇಕು ಅಂದ್ರೆ ಅಪ್ಪ ಸ್ಟ್ಯಾಂಡಲ್ಲಿ ತಲೆ ಎತ್ತಿ ನಿಲ್ಲೋದು ಹೇಗೆ? ಅದೂ ಒಳ್ಳೇ ಕೋರ್ಸೇ. ಬರಲ್ಲ ಅಂತ ಶುಕ್ರವಾರ ಹೇಳಿಬಿಡ್ತೀನಿ."

"ಅವರು ಉಂಡಿದ್ದು ಹಂದೀನ, ನಿನ್ನನ್ನಲ್ಲ."

ಯಾನೆಲಾ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ತಡಿ ಎಂದ ಮಾತು ಕಿವಿಗೆ ಬಿದ್ದೂ ಕತ್ತರಿ ಆಡಿಸಿದವಳು ತಾನೇ ಎಂಬುದು ಮೆಲ್ಚೋರಾಳ ಎದೆಯಲ್ಲಿ ಮುಳ್ಳಿನ ಹಾಗೆ ನಿಂತಿತ್ತು. ಆದರೂ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಹೇಳಲು ಅವಳಿಗೆ ತಿಳಿಯದು. ತಿಳಿಯದ್ದನ್ನು ನೋಡಿ ಬರಬೇಕು. "ನಾಳೆ ಎರಡನ್ನೂ ತೋರಿಸು" ಎಂದಳು.

ಮರುದಿನ ಅಂಗಡಿ ಮುಚ್ಚಿ ಅಜ್ಜಿ, ಮೊಮ್ಮಗಳು ಹೊರಟರು. ಸರ್ಕಾರಿ ವಿಶ್ವವಿದ್ಯಾಲಯ ದೊಡ್ಡದು, ಬಿಳಿ ಕಲ್ಲಿನ ಕಮಾನು, ಮರಗಳ ನೆರಳು. ಯಾನೆಲಾ ಅಜ್ಜಿಯ ಕೈ ಹಿಡಿದು, ಮೆಟ್ಟಿಲು ಬಂದಾಗ "ನೋಡಿಕೊಂಡು" ಎನ್ನುತ್ತಾ, ಗ್ರಂಥಾಲಯ, ಕ್ಯಾಂಟೀನು ಎಲ್ಲವನ್ನೂ ಚೆನ್ನಾಗಿಯೇ ತೋರಿಸಿದಳು. ಮೆಲ್ಚೋರಾಳಿಗೆ ಮನಸ್ಸು ತುಂಬಿತು. ಇದನ್ನು ಬಿಡುವ ಹುಚ್ಚು ಯಾಕೆ ಅನ್ನಿಸಿತು.

ಸೇತುವೆ ದಾಟಿ ಇನ್ನೊಂದಕ್ಕೆ ಹೋದರು. ನೋಡಲು ಅಂಥ ವಿಶೇಷವೇನಿರಲಿಲ್ಲ. ಒಂದು ಕೋಣೆಯ ಕಿಟಕಿಯೊಳಗೆ ಐದಾರು ಮಂದಿ ಹುಡುಗ ಹುಡುಗಿಯರು ಹಲಗೆಯ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆದು ಜಗಳವಾಡುತ್ತಿದ್ದರು. ಒಬ್ಬಳು ಬರೆದದ್ದನ್ನು ಇನ್ನೊಬ್ಬ ಅಳಿಸುತ್ತಿದ್ದ. ಮೇಷ್ಟರಂತೆ ಕಂಡವರು ಕಾಫಿ ಕುಡಿಯುತ್ತಾ ಸುಮ್ಮನೆ ನೋಡುತ್ತಿದ್ದರು. ಯಾನೆಲಾ ಅಜ್ಜಿಯ ಕೈ ಬಿಟ್ಟಳು. ಕಿಟಕಿಯ ಸರಳಿಗೆ ಹಣೆ ಒತ್ತಿ ನಿಂತಳು. "ಅಲ್ಲಲ್ಲ, ಆ ಗೆರೆ ಬೇಡ" ಎಂದು ತನ್ನಷ್ಟಕ್ಕೆ ಗೊಣಗಿದಳು. ಬಿಸಿಲು ಸುಡುತ್ತಿತ್ತು. ಮೆಲ್ಚೋರಾ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ ನಿಂತಳು, ಆಮೇಲೆ ತಾನೇ ಒಂದು ಕಟ್ಟೆ ಹುಡುಕಿ ಕೂತಳು. ಅಜ್ಜಿ ಜೊತೆಗಿದ್ದಾಳೆಂಬುದೇ ಹುಡುಗಿಗೆ ಮರೆತುಹೋಗಿತ್ತು. ಅಷ್ಟು ನೋಡಿದ್ದೇ ಮೆಲ್ಚೋರಾಳಿಗೆ ತೀರ್ಮಾನಕ್ಕೆ ಸಾಕಾಯಿತು.

ದೋನ್ ಪ್ಲಾಸಿದೋ ಗಡ್ಡ ಮಾಡಿಸಿಕೊಳ್ಳಲು ಪ್ರತಿ ಗುರುವಾರ ಬರುತ್ತಾನೆ. ತಲೆಯ ಮೇಲೆ ಕೂದಲೆಂಬುದು ಅವನಿಗಿಲ್ಲ. ಗಡ್ಡ ಮಾತ್ರ ತಂತಿಯಂತೆ ಬೆಳೆಯುತ್ತದೆ. ಆ ವಾರ ರುಫೀನೋನೂ ಟ್ರಿಪ್ಪಿನ ನಡುವೆ ವ್ಯಾನು ನಿಲ್ಲಿಸಿ ಬೆಂಚಿನ ಮೇಲೆ ಕೂತಿದ್ದ. ಮೆಲ್ಚೋರಾ ಕೊಂಪಾದ್ರೆಯ ಮುಖಕ್ಕೆ ನೊರೆ ಹಚ್ಚಿ, ಗಲ್ಲ ಎತ್ತಿ, ಒಂದು ಕೆನ್ನೆ ಮುಗಿಸಿ, ಕತ್ತಿಯನ್ನು ಗಂಟಲ ಹತ್ತಿರ ತಂದು ಮಾತು ತೆಗೆದಳು.

"ಕೊಂಪಾದ್ರೆ, ಯಾನೆಲಾ ನಿಮ್ಮ ಯೂನಿವರ್ಸಿಟಿಗೆ ಬರಲ್ಲ. ಅಲುಗಬೇಡಿ."

ಪ್ಲಾಸಿದೋನ ಕಣ್ಣುಗಳು ಹೊರಗೆ ಬಂದವು. ರುಫೀನೋ ಬೆಂಚಿನಿಂದೆದ್ದ. "ಏನಮ್ಮಾ ಇದು? ಸರ್ಕಾರಿ ಸೀಟು ಬಿಡೋದಾ? ಜನ ಅದಕ್ಕೋಸ್ಕರ ಮಂಡಿಯೂರಿ ಹರಕೆ ಹೊರ್ತಾರೆ!"

"ನೀನು ಕೂತ್ಕೋ. ನಿನ್ನ ಗಂಟಲ ಮೇಲೂ ಕತ್ತಿ ಇಡೋಕೆ ನಂಗೆ ಎರಡು ಕೈ ಸಾಲದು."

"ಕತ್ತಿ ಇಟ್ಕೊಂಡು ಹೇಳ್ತೀಯಲ್ಲ ಕೊಮಾದ್ರೆ, ಇದು ನ್ಯಾಯಾನಾ?" ಎಂದು ಪ್ಲಾಸಿದೋ ತುಟಿ ಅಲ್ಲಾಡಿಸದೆ ಕೇಳಿದ.

ಅವಳು ಕತ್ತಿ ತೆಗೆದಳು. "ಸರಿ, ಈಗ ಬೈಯಿರಿ. ತಪ್ಪು ಹುಡುಗೀದಲ್ಲ. ತಡಿ ಅಂದ್ಲು, ನಾನು ತಡೀಲಿಲ್ಲ."

ಬಾಗಿಲ ಸಂದಿನಲ್ಲಿ ಕೇಳುತ್ತಿದ್ದ ಯಾನೆಲಾ ಒಳಗೆ ಬಂದಳು. ಪ್ಲಾಸಿದೋ ಅರ್ಧ ನೊರೆಯ ಮುಖವನ್ನು ಅವಳ ಕಡೆ ತಿರುಗಿಸಿದ. "ಅಲ್ಲೇನು ಚಿನ್ನ ಹಂಚ್ತಾರಾ ಮಗಳೇ? ಇಲ್ಲೂ ಕಂಪ್ಯೂಟರು, ಅಲ್ಲೂ ಕಂಪ್ಯೂಟರು."

"ಅಪ್ಪನ ವ್ಯಾನಿನ ಸ್ಟಾಪುಗಳಿದಾವಲ್ಲ ತಾತ" ಎಂದಳು ಯಾನೆಲಾ. "ಎಲ್ಲಾ ಸ್ಟಾಪನ್ನೂ ಒಂದೊಂದೇ ಸಲ ಮುಟ್ಟಿ, ಅತಿ ಕಡಿಮೆ ದೂರದಲ್ಲಿ ವಾಪಸ್ ಬರೋ ದಾರಿ ಯಾವುದು? ನಾಲ್ಕು ಸ್ಟಾಪಾದ್ರೆ ಬೆರಳಲ್ಲೇ ಹೇಳಬಹುದು. ನಲವತ್ತಾದ್ರೆ, ಒಂದೊಂದಾಗಿ ಎಲ್ಲಾ ದಾರೀನೂ ನೋಡ್ತಾ ಹೋದ್ರೆ, ಎಂಥಾ ಕಂಪ್ಯೂಟರಾದ್ರೂ ನಾವೆಲ್ಲಾ ಸತ್ತ ಮೇಲೂ ಮುಗಿಸಲ್ಲ."

"ಅದಕ್ಕೇ ನಾನು ಯೋಚನೆ ಮಾಡದೆ ಓಡಿಸೋದು" ಎಂದ ರುಫೀನೋ.

"ಇಂಥಾ ವ್ಯಾನುಗಳನ್ನೆಲ್ಲ ಒಂದು ಆಫೀಸಿಂದ ಹೇಗೆ ನಡೆಸಬೇಕು ಅನ್ನೋದು ನಿಮ್ಮಲ್ಲಿ ಕಲಿಸ್ತಾರೆ ತಾತ. ಅದೂ ಬೇಕಾದ್ದೇ. ಆ ದಾರಿ ಹುಡುಕೋದು ಯಾಕೆ ಅಷ್ಟು ಕಷ್ಟ, ಸುಲಭ ಮಾಡೋಕೆ ಆಗುತ್ತಾ ಇಲ್ವಾ ಅಂತ ಕೂತು ತಲೆ ಕೆಡಿಸಿಕೊಳ್ಳೋದು ಅಲ್ಲಿ. ನಂಗೆ ತಲೆ ಕೆಡಿಸಿಕೊಳ್ಳೋದು ಬೇಕು."

ಪ್ಲಾಸಿದೋ ಮುಖವನ್ನು ಕನ್ನಡಿಯ ಕಡೆ ತಿರುಗಿಸಿದ. "ನನ್ನ ಗೇಟಲ್ಲಿ ಈಗಿರೋ ಹುಡುಗರಿಗೆಲ್ಲಾ ಹೇಳಿಟ್ಟಿದ್ದೆ, ನನ್ನ ಮೊಮ್ಮಗಳು ಬರ್ತಾಳೆ, ನಮಸ್ಕಾರ ಹೊಡೀರಿ ಅಂತ" ಎಂದ. ಮುದುಕನ ನೋವು ಅಷ್ಟೇ ಎಂದು ಎಲ್ಲರಿಗೂ ಗೊತ್ತಾಯಿತು. ನೋವು ಸಣ್ಣದಲ್ಲ ಎಂಬುದೂ ಗೊತ್ತಾಯಿತು.

ಆಮೇಲೆ ಅವನೇ ಕೇಳಿದ, "ನೀನು ಬಿಟ್ಟರೆ ಆ ಸೀಟು ಏನಾಗುತ್ತೆ?"

"ಈಗಲೇ ಹೇಳಿದ್ರೆ ಮುಂದಿನವರಿಗೆ ಹೋಗುತ್ತೆ ತಾತ."

"ಕೂದಲೆಳೇಲಿ ಸೀಟು ತಪ್ಪಿಹೋದೋರಿಗಾ?"

"ಹೂಂ."

ಫಲಿತಾಂಶದ ದಿನ ಗೇಟಿನ ಹೊರಗೆ ಗೋಡೆಗೆ ಮುಖ ಮಾಡಿ ಅಳುವವರನ್ನು ಕಂಡು ಕಂಡು ಸವೆದವನು ಪ್ಲಾಸಿದೋ. ಅವರಿಗೆ ನೀರು ಕೊಡುವುದು ಬಿಟ್ಟರೆ ಅವನಿಂದ ಏನೂ ಆಗಿರಲಿಲ್ಲ. "ಹಾಗಾದ್ರೆ ಹೋಗಿ ಹೇಳು. ಇವತ್ತೇ ಹೇಳು" ಎಂದ. ತಕ್ಷಣ ಬೆರಳೆತ್ತಿದ. "ಆದ್ರೆ ಒಂದು. ಕೂದಲು ಬೀಳದೆ ಸೀಟು ಸಿಕ್ತು ಅಂತ ಈ ಬೀದಿ ಒಪ್ಪಲ್ಲ. ಇವಳ ಕೂದಲು ಆಗಲೇ ನಮ್ಮ ಯೂನಿವರ್ಸಿಟಿ ಲೆಕ್ಕಕ್ಕೆ ಹೋಯ್ತು. ಈಗೇನು ಕತ್ತರಿಸ್ತೀರಿ, ನನ್ನದಾ?"

ರುಫೀನೋ ಅವನ ಬೋಳು ತಲೆ ನೋಡಿ ಕಿಸಕ್ಕನೆ ನಕ್ಕ.

"ಇನ್ನೂ ಇದೆಯಲ್ಲ ನಂದು" ಎಂದಳು ಯಾನೆಲಾ. ತಾತನ ತೋಳು ಹಿಡಿದು ಎಬ್ಬಿಸಿ ತಾನು ಕುರ್ಚಿಯಲ್ಲಿ ಕೂತಳು. "ಹುಡುಗರಿಗೆ ತೆಗೆಯೋ ಹಾಗೆ ಪೂರ್ತಿ ತೆಗಿ ಅಜ್ಜಿ. ನುಣ್ಣಗೆ."

"ಅಯ್ಯೋ, ನಿಮ್ಮಮ್ಮ ನನ್ನನ್ನ ಮನೆಯಿಂದ ಓಡಿಸ್ತಾಳೆ" ಎಂದ ರುಫೀನೋ.

ಮೆಲ್ಚೋರಾ ಮೆಷಿನ್ ಕೈಗೆತ್ತಿಕೊಂಡವಳು ಅದನ್ನು ಮತ್ತೆ ಕೆಳಗಿಟ್ಟಳು. ಕನ್ನಡಿಯಲ್ಲಿ ಹುಡುಗಿಯ ಕಣ್ಣು ನೋಡಿದಳು. "ಬೇಕು ಅಂತೀಯಾ? ಸರಿಯಾಗಿ ಹೇಳು. ಹೇಳೋವರೆಗೂ ನಾನು ಮುಟ್ಟಲ್ಲ."

"ಬೇಕು ಅಜ್ಜಿ. ತಡೀಬೇಡ."

ಮೆಲ್ಚೋರಾ ಬಿಳಿ ಬಟ್ಟೆ ಕೊಡವಿ ಹೊದಿಸಿ, ಹಣೆಯ ನಡುವಿನಿಂದ ಹಿಂದಕ್ಕೆ ಮೊದಲ ಸಾಲು ತೆಗೆದಳು. ರುಫೀನೋ ಫೋನು ಹಿಡಿದು ಹೆಂಡತಿಗೆ ಸುದ್ದಿ ಹೇಳಲು ಮಾತು ಹುಡುಕುತ್ತಿದ್ದ. ಹೊರಗೆ ವ್ಯಾನಿನಲ್ಲಿ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು, ಹೆಣ್ಣುಮಗಳ ತಲೆ ಬೋಳಾಗುವುದನ್ನು ಬಾಯಿ ತೆರೆದು ನೋಡುತ್ತಾ, ಯಾವ ವಿಶ್ವವಿದ್ಯಾಲಯ, ಯಾವ ಕೋರ್ಸು ಎಂದು ವಿಚಾರಿಸತೊಡಗಿದರು.

"ಡೋಲಿಲ್ಲದೆ ಇದೆಂಥಾ ಕ್ಷೌರ!" ಎಂದು ದೋನ್ ಪ್ಲಾಸಿದೋ ಇದ್ದಕ್ಕಿದ್ದಂತೆ ರೇಗಿದ. "ನಿಲ್ಲಿ, ಮುಗಿಸಬೇಡಿ, ಕರ್ಕೊಂಡು ಬರ್ತೀನಿ!"

ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯ ತುಂಬ ನೊರೆ, ಕೊರಳಿಗೆ ಕಟ್ಟಿದ ಟವೆಲ್ಲು. ಹಾಗೆಯೇ ಮುದುಕ ಏರುಬೀದಿ ಹತ್ತಿ ತುತ್ತೂರಿಯವರ ಮನೆಯ ಕಡೆ ಓಡಿದ. ಅವನನ್ನು ಕಂಡವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಮೆಲ್ಚೋರಾಳ ಅಂಗಡಿಯ ಕಡೆ ಇಳಿದು ಬಂದರು.