ಕೋಟಪ್ಪನ ಕೆಮ್ಮು

ಕೋಟು ಹೊಲಿಯುವವನಾದ್ದರಿಂದ ಬೀದಿಯವರು ಅವನಿಗೆ ಕೋಟಪ್ಪ ಎಂದು ಹೆಸರಿಟ್ಟಿದ್ದರು. ನಿಜವಾದ ಹೆಸರೇನೆಂದು ಥಟ್ಟನೆ ಕೇಳಿದರೆ ಅವನ ಹೆಂಡತಿಯೂ ತಡವರಿಸಿಯಾಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಉದ್ದನೆಯ ಮೇಜು, ಎತ್ತಿದರೆ ಭುಜ ನೋಯುವ ಇಸ್ತ್ರಿ ಪೆಟ್ಟಿಗೆ, ಗೋಡೆಯುದ್ದಕ್ಕೂ ಒಂದೇ ತೋಳಿನ ಅರೆಬರೆ ಕೋಟುಗಳು. ಬೇರೆ ದರ್ಜಿಗಳ ಅಂಗಡಿಯಲ್ಲಿ ಸಿನಿಮಾ ಹಾಡು ಕೇಳುತ್ತದೆ. ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ರಷ್ಯಾದ ಪಿಯಾನೋ.

"ಏನಪ್ಪಾ ಇದು, ಅಟ್ಟದ ಮೇಲಿಂದ ಯಾರೋ ಪಾತ್ರೆ ಉರುಳಿಸಿದ ಹಾಗಿದೆ!" ಎನ್ನುವರು ಗಿರಾಕಿಗಳು.

"ಸುಮ್ನೆ ನೆಟ್ಟಗೆ ನಿಂತ್ಕೊಳ್ಳಿ, ಅಳತೆ ತಪ್ಪತ್ತೆ," ಎಂದು ಕೋಟಪ್ಪ ಗದರುವನು. ಗಿರಾಕಿಗೇ ಗದರುವ ದರ್ಜಿ ಎಲ್ಲಿದ್ದಾನೆ ಹೇಳಿ! ಆದರೂ ಅವನ ಹಾಗೆ ಕೋಟಿನ ಭುಜ ಕೂರಿಸಲು ಬೇರೆ ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ಜನ ಬೈಸಿಕೊಂಡೇ ಬರುತ್ತಿದ್ದರು.

ಈ ಹುಚ್ಚು ಹತ್ತಿಸಿದ್ದು ಸಂಗೀತದ ಮೇಷ್ಟ್ರೊಬ್ಬರು. ಊರು ಬಿಟ್ಟು ಹೋಗುವಾಗ ಒಂದು ಪೆಟ್ಟಿಗೆ ತುಂಬ ಕ್ಯಾಸೆಟ್ಟು ಇವನ ಮಡಿಲಿಗೆ ಹಾಕಿ ಹೋದರು. ಎಲ್ಲ ಒಬ್ಬನೇ ಪಿಯಾನೋ ವಾದಕನವು, ಎಲ್ಲ ಕಛೇರಿಯಲ್ಲಿ ಜನರ ಮುಂದೆ ನುಡಿಸುತ್ತಿರುವಾಗಲೇ ಹಿಡಿದವು. ನುಡಿಸಿದ್ದು ಹೋದ ಶತಮಾನದ ರಷ್ಯನ್ನರು ಬರೆದ ಸಂಗೀತ. ಎಡಗೈ ಹೊಲಿಗೆ ಯಂತ್ರದ ಹಾಗೆ ಓಡುತ್ತದೆ, ಬಲಗೈ ಅದರೊಡನೆ ಕಾಲು ಕೆರೆದು ಜಗಳಕ್ಕೆ ನಿಲ್ಲುತ್ತದೆ, ಇನ್ನೇನು ಕಿವಿ ಮುಚ್ಚಿಕೊಳ್ಳಬೇಕು ಎನ್ನುವಾಗ ಎರಡೂ ರಾಜಿಯಾಗಿ, ಮಗು ಎದ್ದೀತೆಂಬಷ್ಟು ಮೆಲ್ಲಗಾಗುತ್ತವೆ. ಮೊದಲು ಕೋಟಪ್ಪನಿಗೆ ತಲೆನೋವು ಬಂತು. ಆಮೇಲೆ ಅದಿಲ್ಲದೆ ಕತ್ತರಿಯೇ ಓಡದಾಯಿತು.

ಒಂದೇ ಕೃತಿಯನ್ನು ಆ ಪುಣ್ಯಾತ್ಮ ಒಂದು ಊರಲ್ಲಿ ಬೆನ್ನಿಗೆ ಬೆಂಕಿ ಬಿದ್ದವನಂತೆ ನುಡಿಸಿದ್ದ, ಇನ್ನೊಂದೂರಲ್ಲಿ ಊಟವಾಗಿ ಅಡ್ಡಾಡಲು ಹೊರಟವನಂತೆ. ಒಂದು ಕಡೆ ತಪ್ಪು ಸ್ವರದ ಮೇಲೆ ಬೆರಳು ಬಿದ್ದು, "ಹ್ಞೂಂ" ಎಂದು ತನ್ನನ್ನೇ ಗದರಿಸಿಕೊಂಡು ಇನ್ನಷ್ಟು ಜೋರಾಗಿ ಓಡಿದ್ದ. ಕೋಟಪ್ಪನಿಗೆ ಪ್ರಾಣವಾದದ್ದು ಮಾತ್ರ ಒಂದು ಕೆಮ್ಮು. ತೀರಾ ಮೆಲ್ಲಗಿನ ಜಾಗದಲ್ಲಿ ಸಭೆಯಲ್ಲಿ ಯಾರೋ ಕೆಮ್ಮುತ್ತಾನೆ. ವಾದಕ ಮುಂದಿನ ಸ್ವರವನ್ನು ಒಂಚೂರು ತಡೆದು, ಕೆಮ್ಮು ಮುಗಿದ ಮೇಲೆ ಒತ್ತುತ್ತಾನೆ.

"ನೋಡೇ, ಕೆಮ್ಮೋನಿಗೂ ಜಾಗ ಬಿಟ್ಟ! ದೊಡ್ಡ ಮನುಷ್ಯ ಅಂದ್ರೆ ಇವನು!" ಎಂದು ಹೆಂಡತಿಗೆ ಪ್ರತಿ ಸಲವೂ ಹೇಳುವನು.

"ನಾನು ಕೆಮ್ಮಿದ್ರೆ ನೀವು ಮಾತು ನಿಲ್ಸಿದ್ದುಂಟೇನ್ರೀ?" ಎಂದು ಅವಳೂ ಪ್ರತಿ ಸಲವೂ ಕೇಳುವಳು.

ಹೀಗಿರುವಾಗ ಮಗನ ಮದುವೆಯಾಗಿ ಸೊಸೆ ಬಂದಳು. ಅವಳಿಗೆ ಧ್ವನಿಮುದ್ರಣದ ಸ್ಟುಡಿಯೋದಲ್ಲಿ ಕೆಲಸ: ಜನ ಮೈಕಿನ ಮುಂದೆ ಓದಿದ್ದರಲ್ಲಿ ಉಗುಳು ನುಂಗಿದ್ದು, ಕೆಮ್ಮಿದ್ದು ಎಲ್ಲ ತೆಗೆದು ಚೊಕ್ಕ ಮಾಡುವುದು. ಅದೇ ಸಮಯಕ್ಕೆ ಹಳೆಯ ಟೇಪ್ ರೆಕಾರ್ಡರ್ ಕ್ಯಾಸೆಟ್ಟು ನುಂಗತೊಡಗಿತು. ಸೊಸೆ ಪೆಟ್ಟಿಗೆಯನ್ನೇ ಹೊತ್ತೊಯ್ದಳು. ದಿನವೂ ಕೆಲಸ ಮುಗಿದ ಮೇಲೆ ಅಲ್ಲೇ ಕೂತು ಎಲ್ಲವನ್ನೂ ತೊಳೆದು, ಪುಟ್ಟ ಸ್ಪೀಕರಿಗೆ ತುಂಬಿಸಿ ತಂದಳು.

"ಕೇಳಿ ಮಾವ. ಒಂದು ಕೊಳೆ ಇಲ್ಲ ಈಗ!"

ಕೋಟಪ್ಪ ಕೇಳಿದ. ಪಿಯಾನೋ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಜನವೇ ಇಲ್ಲ! ಕುರ್ಚಿಯ ಕಿರಕಿರ ಇಲ್ಲ, "ಹ್ಞೂಂ" ಇಲ್ಲ, ಚಪ್ಪಾಳೆ ಇಲ್ಲ. ಮೆಲ್ಲಗಿನ ಜಾಗದಲ್ಲಿ ವಾದಕ ಸುಮ್ಮಸುಮ್ಮನೆ ಕಾದ, ಯಾರಿಗೋ ಏನೋ. ಇದನ್ನು ಮಾಡಿದ್ದು ಹೆಂಡತಿ, ಮಗ ಯಾರೇ ಆಗಿದ್ದರೂ ಕೋಟಪ್ಪ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದ. ಆದರೆ ಇವಳು ಹೊಸದಾಗಿ ಬಂದ ಹುಡುಗಿ, ಇಷ್ಟು ಆಸೆಯಿಂದ ಮಾಡಿದ್ದಾಳೆ, ಮುಖ ಸಣ್ಣದಾದರೆ?

"ಅದ್ಭುತ ಕಣಮ್ಮ!" ಎಂದುಬಿಟ್ಟ.

ಆಮೇಲೆ ಶುರುವಾಯಿತು ನೋಡಿ. ಆ ಬರಿದಾದ ಜಾಗ ಬಂದಾಗಲೆಲ್ಲ ಕೋಟಪ್ಪನಿಗೆ ತಡೆಯಲಾಗದು. ವಾದಕನನ್ನು ಸುಮ್ಮನೆ ಕಾಯಿಸುವುದೇ? ಕತ್ತರಿ ಕೆಳಗಿಟ್ಟು ತಾನೇ ಕೆಮ್ಮುವನು. ಸೊಸೆ ಗಾಬರಿಯಾಗಿ ಬಿಸಿನೀರು ತಂದಳು, ಜೇನು ತಂದಳು, ಕೊನೆಗೆ ಡಾಕ್ಟರ ಹತ್ತಿರ ಎಳೆದೊಯ್ದಳು. ಡಾಕ್ಟರು ಬೆನ್ನು ತಟ್ಟಿ, ಎದೆಗೆ ಕಿವಿಕೊಟ್ಟು, "ಗಟ್ಟಿಮುಟ್ಟಾಗಿದ್ದಾರೆ," ಎಂದು ಕಳಿಸಿದರು.

ಮುಂದಿನ ರಜೆಯ ದಿನ ಸೊಸೆ ಗುಂಡಿ ಹೊಲಿಯುತ್ತ ಅಂಗಡಿಯಲ್ಲೇ ಕೂತಳು. ಪಿಯಾನೋ ಮೆಲ್ಲಗಾಯಿತು, ಮಾವ ಕೆಮ್ಮಿದ. ಅವಳು ತಲೆಯೆತ್ತಿದಳು. ದಿನವಿಡೀ ಕೆಮ್ಮನ್ನೇ ಕೇಳುವ ಕಿವಿ ಅದು. ಹಿಂದಕ್ಕೆ ತಿರುಗಿಸಿ ಅದೇ ಜಾಗ ಮತ್ತೆ ಹಾಕಿದಳು. ಮಾವ ಮತ್ತೆ ಕೆಮ್ಮಿದ.

"ಮಾವ! ಇದು ನಾನು ತೆಗೆದ ಕೆಮ್ಮಲ್ವಾ?"

ಸಿಕ್ಕಿಬಿದ್ದ ಕೋಟಪ್ಪ ಸೀಮೆಸುಣ್ಣ ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದ. ಅಲ್ಲಿಂದಲೇ ಎಲ್ಲ ಒಪ್ಪಿಕೊಂಡ. ಸೊಸೆ ಗುಂಡಿಯನ್ನು ಅರ್ಧಕ್ಕೆ ಬಿಟ್ಟು ಎದ್ದು ಒಳಗೆ ಹೋದಳು. ಆಯಿತು, ಹುಡುಗಿಯ ಮನಸ್ಸು ಮುರಿದೆ ಎಂದುಕೊಂಡ ಕೋಟಪ್ಪ.

ಅವಳು ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟಳು. "ನಮ್ಮ ಕೆಲಸದಲ್ಲಿ ತೆಗೆದಿದ್ದನ್ನ ಬಿಸಾಕಲ್ಲ. ಅದರ ಜೊತೆ ಬೇಕಾದ್ದೂ ಹೋಗಿದೆಯಾ ಅಂತ ನೋಡೋಕೆ ಬೇರೆ ಇಟ್ಟಿರ್ತೀವಿ. ಕೇಳಿ."

ಪಿಯಾನೋ ಇಲ್ಲದ ಕಛೇರಿ ಶುರುವಾಯಿತು. ಕುರ್ಚಿಗಳು ಕಿರುಗುಟ್ಟಿದವು, ಯಾರೋ ಸೀನಿದರು, ಯಾರೋ ಪಿಸುಗುಟ್ಟಿದರು. "ಅಯ್ಯೋ, ಬರೀ ಕೆಮ್ಮಿನ ಕಛೇರಿ!" ಎಂದು ಹೆಂಡತಿ ಬಾಗಿಲಲ್ಲೇ ನಿಂತು ನಕ್ಕಳು. ಅಷ್ಟರಲ್ಲಿ ಕೋಟಪ್ಪ ಕೈಯೆತ್ತಿ ಅವಳನ್ನು ಸುಮ್ಮನಾಗಿಸಿದ. ಸದ್ದುಗಳ ನಡುವೆ ಒಬ್ಬ ಗಂಡಸು ಮೂಗಿನಲ್ಲೇ ಗುನುಗುತ್ತಿದ್ದ. ವಾದಕ! ನುಡಿಸುತ್ತ ನುಡಿಸುತ್ತ ಹಾಡಿಕೊಳ್ಳುತ್ತಿದ್ದ. ಇಷ್ಟು ವರ್ಷ ಪಿಯಾನೋದ ಅಬ್ಬರದಲ್ಲಿ ಅದು ಕೇಳಿಸಿಯೇ ಇರಲಿಲ್ಲ. ಸ್ವಲ್ಪ ಅಪಸ್ವರವೇ ಇತ್ತು. ಕೋಟಪ್ಪನ ಕಣ್ಣಲ್ಲಿ ನೀರು ತುಂಬಿತು, ಬಾಯಿ ಕಿವಿವರೆಗೆ ಅರಳಿತು.

"ಎಂಥ ಕೆಲಸ ಮಾಡಿದೆ ತಾಯಿ!" ಎಂದ.

"ಹೊಗಳ್ಬೇಡಿ," ಎಂದಳು ಸೊಸೆ. "ಅತ್ತೆಗೆ ಬೈತೀರಿ, ನಿಮ್ಮ ಮಗನಿಗೆ ಬೈತೀರಿ, ಗಿರಾಕಿಗಳನ್ನೂ ಬಿಡಲ್ಲ. ನಾನು ಇಷ್ಟು ಕೆಡಿಸಿದ್ರೂ ಅದ್ಭುತ ಅಂದ್ರಿ. ನಾನಿನ್ನೂ ನೆಂಟಳೇನಾ ಈ ಮನೇಲಿ?"

ಕೋಟಪ್ಪ ಅವಳನ್ನೇ ನೋಡಿದ. ಕೊರಳಿನ ಅಳತೆ ಟೇಪು ತೆಗೆದು ಮೇಜಿನ ಮೇಲಿಟ್ಟ, ಉಸಿರೆಳೆದುಕೊಂಡ.

"ಕತ್ತೆ! ಕೇಳದೆ ಮಾಡದೆ ಕೈ ಹಾಕ್ತಾರೇನೇ? ಅಷ್ಟು ಜನಾನ್ನ ಹೊರಗೆ ಹಾಕಿ ಬೀಗ ಜಡಿದ್ಯಲ್ಲ, ಬುದ್ಧಿ ಎಲ್ಲಿಟ್ಟಿದ್ದೆ? ಆ ಮನುಷ್ಯ ಪಾಪ ಒಬ್ಬನೇ ಕೂತು ಯಾರಿಗೆ ನುಡಿಸ್ಬೇಕು? ಹಾಳಾದ ಜೇನು ಬೇರೆ ಕುಡಿಸ್ದೆ ನನಗೆ!"

ಸೊಸೆಯ ಮುಖ ಅರಳುತ್ತಲೇ ಹೋಯಿತು.

"ಇನ್ನೂ ಇದೆಯಾ ಮಾವ?"

"ಬೇಕಾದಷ್ಟಿದೆ. ಕೂತ್ಕೋ."

ಅವಳು ಸ್ಟೂಲು ಎಳೆದುಕೊಂಡು ಕೂತಳು.