ಕೈಯೊಂದನ್ನು ಬಿಟ್ಟು

ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಶಾಲೆಗೆಲ್ಲ ಆಕೆ ಲೋಟದ ಟೀಚರ್. ಲೋಟ, ರಟ್ಟು, ಚಮಚ, ಬಲೂನು ಅಂತ ಅರ್ಧ ಅಡುಗೆಮನೆಯನ್ನೇ ಚೀಲದಲ್ಲಿ ಹೊತ್ತು ತಂದು ವಿಜ್ಞಾನ ಕಲಿಸುವವಳು. ಬೀರುವಿನಲ್ಲಿ ಬೀಗ ಹಾಕಿಟ್ಟ ಉಪಕರಣಗಳನ್ನು ಕಂಡರೆ ಆಕೆಗೆ ಮೈಯೆಲ್ಲ ಉರಿ. "ಗಾಳಿ ಏನು ಬೀರುವಿನಲ್ಲಿರುತ್ತಾ?" ಎನ್ನುತ್ತಿದ್ದಳು. ಆಕೆಯ ಕಟ್ಟುನಿಟ್ಟಿನ ನಿಯಮ ಎರಡೇ: ನೋಡುವ ಮೊದಲು ಊಹಿಸಬೇಕು, ಪ್ರಯೋಗ ಕೆಟ್ಟರೆ ಒಂದೊಂದನ್ನೇ ಬದಲಾಯಿಸಿ ನೋಡಬೇಕು.

ಕೆಟ್ಟಿದ್ದು ಆಕೆಯ ಅತಿ ಹಳೆಯ ಪ್ರಯೋಗವೇ. ತುಂಬಿದ ಲೋಟದ ಬಾಯಿಗೆ ರಟ್ಟು ಮುಚ್ಚಿ, ಬೋರಲು ಹಿಡಿದು, ರಟ್ಟಿಗೆ ಒತ್ತಿದ ಎಡಗೈ ತೆಗೆದರೆ ನೀರು ಬೀಳಬಾರದು. ಕೆಳಗಿನ ಗಾಳಿ ರಟ್ಟನ್ನು ಒತ್ತಿ ಹಿಡಿದಿರುತ್ತದೆ. ಆದರೆ ಈ ಸಲ ರಟ್ಟು ಜಾರಿ, ನೀರೆಲ್ಲ ಆಕೆಯ ಕಾಲ ಮೇಲೆ ಸುರಿಯಿತು. ಮಕ್ಕಳು ಹೋ ಎಂದು ನಕ್ಕರು.

ಆಕೆ ರಟ್ಟು ಬದಲಾಯಿಸಿದಳು. ಸುರಿಯಿತು. ಲೋಟ ಬದಲಾಯಿಸಿದಳು. ಮತ್ತೆ ಸುರಿಯಿತು. ಫ್ಯಾನ್ ಆರಿಸಿದಳು, ಬೇರೆ ನಲ್ಲಿಯ ನೀರು ತರಿಸಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಕೊನೆಗೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ಎಲ್ಲಾ ಬದಲಾಯಿಸಿ ಆಯ್ತು. ಕೈ ಒಂದೇ ಉಳ್ಕೊಂಡಿದೆ."

ತುಂಟತನದಿಂದ ಹೇಳಿದ್ದಲ್ಲ, ಕಲಿಸಿದ್ದನ್ನೇ ಒಪ್ಪಿಸಿದ್ದಳು. ಟೀಚರ್ ಲೋಟವನ್ನು ಅವಳಿಗೆ ಕೊಟ್ಟಳು. ಹುಡುಗಿಯ ಕೈಯಲ್ಲಿ ಒಂದು ಹನಿಯೂ ಬೀಳಲಿಲ್ಲ. ತರಗತಿ ಚಪ್ಪಾಳೆ ಹೊಡೆಯಿತು. ಟೀಚರೂ ಚಪ್ಪಾಳೆ ಹೊಡೆದಳು, ಏಕೆಂದರೆ ಚಪ್ಪಾಳೆ ಹೊಡೆಯುವ ಕೈ ನಡುಗುವುದು ಯಾರಿಗೂ ಕಾಣುವುದಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಬಲಗೈ ನಡುಗುವುದು ಆಕೆಗೆ ಗೊತ್ತಿಲ್ಲದ್ದೇನಲ್ಲ. ಅಪ್ಪನಿಗೂ ಹೀಗೆಯೇ ಶುರುವಾಗಿತ್ತು; ಕೊನೆಕೊನೆಗೆ ಅಂಗಿಯ ಗುಂಡಿ ಹಾಕಲೂ ಅಮ್ಮ ಬರಬೇಕಾಗಿತ್ತು. ಅದಕ್ಕೇ ಊಹೆಯಲ್ಲೇ ನಿಂತುಬಿಟ್ಟಿದ್ದಳು. ಡಾಕ್ಟರು ನೋಡಿ ಹೇಳುವ ತನಕ ಅದು ಬರೀ ಸುಸ್ತು, ಬರೀ ವಯಸ್ಸು. ಲೋಟ ಹಿಡಿಯಲಾಗದ ಲೋಟದ ಟೀಚರ್ ಯಾರಿಗೆ ಬೇಕು?

ಸಂಜೆ ಮನೆಗೆ ಬಂದಾಗ ಗಂಡ ಹೊಲಿಗೆ ಯಂತ್ರ ಬಿಟ್ಟೆದ್ದು ಚಹಾ ತಂದಿಟ್ಟ. ದರ್ಜಿ ಕೆಲಸದವನು, ಮಾತು ಕಡಿಮೆ. ಎಂದಿನಂತೆ ಅರ್ಧ ಲೋಟ. ಕೆಲವು ತಿಂಗಳಿಂದ ಹೀಗೇ. "ಜಿಪುಣ ಮಹಾಶಯರೇ, ಹಾಲಿಗೇನು ಬರವೇ?" ಎಂದು ಆಕೆ ಛೇಡಿಸುವುದು, ಆತ ನಕ್ಕು ಹೊಲಿಗೆಗೆ ಮರಳುವುದು.

ಇವತ್ತು ಆಕೆ ಛೇಡಿಸಲಿಲ್ಲ. ಲೋಟವನ್ನೇ ನೋಡುತ್ತ ಕುಳಿತಳು.

"ನಿಮಗೆ ಗೊತ್ತಿತ್ತು, ಅಲ್ವಾ?"

ಆತ ಸೂಜಿಗೆ ದಾರ ಪೋಣಿಸುತ್ತಿದ್ದವನು ನಿಲ್ಲಿಸಿದ. "ಹೂಂ. ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ."

ಆಕೆಗೆ ಸಿಟ್ಟು ಬಂತು, ಅದರ ಬೆನ್ನಿಗೇ ಅಳು. "ಪೂರ್ತಿ ಹಾಕಿ."

"ಚೆಲ್ಲುತ್ತೆ ಕಣೇ."

"ಅದು ಊಹೆ. ನೋಡೋಣ."

ಆತ ಅಂಚಿನವರೆಗೆ ಚಹಾ ಹೊಯ್ದ. ಆಕೆ ಬಲಗೈಯಲ್ಲಿ ಎತ್ತಿದಳು. ತುಟಿ ಮುಟ್ಟುವ ಮೊದಲೇ ಚಹಾ ಚೆಲ್ಲಿ ಮೊಣಕೈವರೆಗೂ ಇಳಿಯಿತು. ಆಕೆ ಕಣ್ಣು ತಿರುಗಿಸದೆ ನೋಡಿದಳು. ಗಂಡ ಬಟ್ಟೆಯ ಚೂರು ತಂದು ಆ ಕೈಯನ್ನು ಒರೆಸಿದ, ಒರೆಸಿದ ಮೇಲೂ ಬಿಡಲಿಲ್ಲ.

"ನಾಳೆ ಡಾಕ್ಟರ ಹತ್ರ ಹೋಗ್ತೀನಿ. ನೀವೂ ಬನ್ನಿ," ಎಂದಳು ಆಕೆ. "ನಂಗೆ ತುಂಬಾ ಭಯ ಆಗ್ತಿದೆ ರೀ."