ಥೋವಾ ಮಾಡಿದ ಕಾಣದ ನಾಣ್ಯ

ಮಡಕೆ ಓಣಿಯಲ್ಲಿ ಈಗ ಮಡಕೆ ಮಾಡುವವರು ಒಬ್ಬರೂ ಇಲ್ಲ. ಇರುವವರೆಲ್ಲ ಸತ್ತವರಿಗೆ ಸಾಮಾನು ಮಾಡುವವರು. ಬಿದಿರ ಕಡ್ಡಿಯ ಚೌಕಟ್ಟು, ಅದರ ಮೇಲೆ ಬಣ್ಣದ ಕಾಗದ, ಅಂಟಿಗೆ ಅಕ್ಕಿ ಗಂಜಿ. ಇಷ್ಟರಲ್ಲೇ ಮನೆ, ಮಂಚ, ಬೈಕು, ಕೋಟು ಎಲ್ಲವೂ ಆಗುತ್ತದೆ. ತಿಥಿಯ ದಿನ ಸುಟ್ಟರೆ ಈ ಕಡೆ ಹೊಗೆಯಾಗಿ ಹೋದದ್ದು ಆ ಕಡೆ ಗಟ್ಟಿ ಸಾಮಾನಾಗಿ ಇಳಿಯುತ್ತದೆ. ನಾಮ್ ಡಿನ್ ಪಟ್ಟಣದಲ್ಲಿ ಈ ಮಾತನ್ನು ಪೂರ್ತಿ ನಂಬದವರೂ ಸುಡುವುದನ್ನು ಮಾತ್ರ ಬಿಟ್ಟಿಲ್ಲ.

ಓಣಿಗೆಲ್ಲ ಥೋವಾಳ ಕೈ ಮೇಲು. ಅದು ಅವಳಿಗೂ ಗೊತ್ತಿತ್ತು, ಗೊತ್ತಿದ್ದುದನ್ನು ಮುಚ್ಚಿಡುವ ಅಭ್ಯಾಸ ಅವಳಿಗೆ ಇರಲಿಲ್ಲ. ಅವಳು ಯಾರ ಬಳಿಯೂ ಕೂತು ಕಲಿತವಳಲ್ಲ. ಅತ್ತೆ ಮಾಡುವುದನ್ನು ಬಾಗಿಲ ಸಂದಿಯಿಂದ ನೋಡಿ, ಅತ್ತೆಗಿಂತ ಚೆನ್ನಾಗಿ ಮಾಡಿ, ಅತ್ತೆ ತನ್ನೊಡನೆ ಮಾತು ಬಿಡುವಂತೆ ಮಾಡಿಕೊಂಡವಳು. ಅವಳದೊಂದು ಕಟ್ಟಳೆ ಇತ್ತು: ಕಣ್ಣಾರೆ ಕಾಣದ ವಸ್ತುವನ್ನು ಮಾಡುವುದಿಲ್ಲ. ಬಟ್ಟೆ ಒಗೆಯುವ ಯಂತ್ರ ಬೇಕೆಂದು ಯಾರೋ ಕೇಳಿದಾಗ ಡಾಕ್ಟರ ಮನೆಗೆ ಹೋಗಿ, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಟ್ಟೆ ತಿರುಗಿ ತಿರುಗಿ ನಿಲ್ಲುವ ತನಕ ನೋಡಿ ಬಂದಿದ್ದಳು. ಹಲ್ಲಿನ ಸೆಟ್ಟು ಮಾಡಬೇಕಾದಾಗ ಪಕ್ಕದ ಮನೆಯ ಮುದುಕನ ಬಾಯಿಂದಲೇ ತೆಗೆಸಿ ಅಂಗೈಯಲ್ಲಿ ಹಿಡಿದು ನೋಡಿದ್ದಳು. ಒಮ್ಮೆ ಅವಸರದಲ್ಲಿ ಬ್ರೇಕ್ ಇಲ್ಲದ ಸ್ಕೂಟರ್ ಕಳಿಸಿದ್ದಕ್ಕೆ ಆ ಸತ್ತವನು ಕಾಲಿಗೆ ಪಟ್ಟಿ ಕಟ್ಟಿಕೊಂಡು ಹೆಂಡತಿಯ ಕನಸಿನಲ್ಲಿ ಬಂದಿದ್ದನಂತೆ. ಅಂದಿನಿಂದ ಬ್ರೇಕ್ ತಂತಿಯನ್ನೂ ಅವಳು ಬಿಟ್ಟವಳಲ್ಲ.

ಪ್ರತಿ ಸಾಮಾನಿನ ಬೆನ್ನಿಗೆ ಎರಡು ಗುರುತು ಇರುತ್ತಿದ್ದವು. ಒಂದು ಅವಳ ಮನೆಯ ಕೆಂಪು ಕಮಲದ ಮುದ್ರೆ. ದೂರು ಹೇಳಬೇಕಾದರೆ ಯಾರ ಕನಸಿಗೆ ಹೋಗಬೇಕೆಂದು ಸತ್ತವರಿಗೆ ತಿಳಿಯಬೇಕಲ್ಲ. ಇನ್ನೊಂದು ಹಳದಿ ಚೀಟಿ. ಸಾಮಾನು ಯಾರಿಗೆ ತಲುಪಬೇಕೋ ಆ ಸತ್ತವರ ಹೆಸರು ಅದರ ಮೇಲೆ ಬರೆಯಬೇಕು. ಹೆಸರಿಲ್ಲದೆ ಸುಟ್ಟರೆ ದಾರಿಯಲ್ಲಿ ಅಂಡಲೆಯುವ ದಿಕ್ಕಿಲ್ಲದ ಪ್ರೇತಗಳು ಕಿತ್ತುಕೊಂಡು ಹೋಗುತ್ತವೆ.

ಅಂಥ ಥೋವಾಳ ಅಂಗಡಿಗೆ ಒಂದು ಬೆಳಿಗ್ಗೆ ಮೀನು ಮಾರುವ ಲೂಯೆನ್ ಬಂದಳು. ಮಾರನೆಯ ತಿಂಗಳು ಅವಳ ಅಪ್ಪನ ತಿಥಿ.

"ಅಕ್ಕ, ನಮ್ಮಪ್ಪನಿಗೆ ಕ್ರಿಪ್ಟೊ ಮಾಡಿಕೊಡು."

"ಅದೇನು, ತಿನ್ನೋದಾ, ಉಡೋದಾ?"

"ದುಡ್ಡು ಕಣಕ್ಕ. ಕೊನೇ ಕಾಲದಲ್ಲಿ ಇದ್ದಬದ್ದದ್ದನ್ನೆಲ್ಲ ಅದಕ್ಕೇ ಸುರಿದ. ಎಲ್ಲಾ ಮುಳುಗ್ತು. ಈಗ ಕನಸಲ್ಲಿ ಬಂದು ಫೋನು ಹಿಡ್ಕೊಂಡು ಸುಮ್ನೆ ನಿಂತ್ಕೊತಾನೆ. ಊಟ ಮಾಡಪ್ಪ ಅಂದ್ರೆ ಇರು, ಇನ್ನೇನು ಏರ್ತದೆ ಅಂತಾನೆ."

"ನೋಡೋಕೆ ಹೆಂಗಿರ್ತದೆ ಅದು?"

"ಯಾರು ನೋಡಿದಾರೆ? ಅದು ಫೋನೊಳಗೇ ಇರ್ತದಂತೆ."

"ಹಂಗಾದ್ರೆ ಫೋನು ಮಾಡಿಕೊಡ್ತೀನಿ."

"ಹೋದ ವರ್ಷ ನೀನೇ ಮಾಡಿಕೊಟ್ಟಿದ್ದೆಯಲ್ಲಕ್ಕ. ಅದು ಬರಿದಾಗಿದೆ, ಅದಕ್ಕೇ ಹಿಂಗೆ ನಿಂತ್ಕೊಳ್ಳೋದು."

ಥೋವಾ ಆಗಲಿ ಎಂದಳು. ಆಗುವುದಿಲ್ಲ ಎಂದು ಅವಳು ಯಾವ ಗಿರಾಕಿಗೂ ಹೇಳಿದವಳಲ್ಲ. ಆದರೆ ಆ ನಾಣ್ಯವನ್ನು ನೋಡುವುದೆಲ್ಲಿ? ಫೋನು ರಿಪೇರಿಯವನು ತನ್ನ ಬಳಿ ಅದು ಬೇಕಾದಷ್ಟಿದೆ ಎಂದ. ತೋರಿಸು ಎಂದರೆ ಗುಪ್ತಪದ ಮರೆತಿದ್ದೇನೆ ಎಂದ. ಬ್ಯಾಂಕಿನ ಹುಡುಗಿ, ಅದು ನಮ್ಮಲ್ಲಿ ಬರುವುದಿಲ್ಲ ಅಜ್ಜಿ, ಮುಂದಿನವರು ಬನ್ನಿ ಎಂದಳು. ಉಳಿದದ್ದು ಓಣಿಯ ಧ್ವನಿವರ್ಧಕ. ಕಂಬಕ್ಕೆ ಕಟ್ಟಿದ ಅದು ದಿನಾ ಬೆಳಿಗ್ಗೆ ಹಾಡು ಹಾಕಿ, ಕಸದ ಗಾಡಿಯ ಸುದ್ದಿ ಹೇಳಿ, ಕಳೆದ ಬೆಕ್ಕಿನ ಬಣ್ಣ ಹೇಳಿ, ಕೊನೆಗೆ "ಕ್ರಿಪ್ಟೊ ಹಣದ ಹೆಸರಿನಲ್ಲಿ ಮೋಸ ಹೋಗದಿರಿ, ತಿಳಿಯದ ವಸ್ತುವಿಗೆ ಉಳಿತಾಯ ಹಾಕದಿರಿ" ಎಂದು ಕೂಗುತ್ತಿತ್ತು. ಜನ ಅದನ್ನು ಕಾಗೆಯ ಕೂಗಿನಂತೆ ಕೇಳಿ ತಮ್ಮ ಪಾಡಿಗೆ ಗಂಜಿ ಕುಡಿಯುತ್ತಿದ್ದರು. ಮೋಸ ಹೋಗಬೇಡಿ ಎನ್ನುವವನಿಗೆ ಆ ವಸ್ತು ಹೇಗಿದೆ ಎಂದು ಗೊತ್ತಿರಲೇಬೇಕು ಎಂದು ಥೋವಾ ವಾರ್ಡು ಕಚೇರಿಗೆ ಹೋದಳು. ಅಲ್ಲಿನ ಅಧಿಕಾರಿ ಒಂದು ಕರಪತ್ರ ಕೊಟ್ಟ. ಅದರ ಮೇಲೆ ಬಂಗಾರದ ನಾಣ್ಯದ ಚಿತ್ರವಿತ್ತು.

"ಇದೇನಾ ಅದು?"

"ಇದು ಚಿತ್ರ ಅಜ್ಜಿ. ನಿಜವಾದದ್ದಕ್ಕೆ ರೂಪ ಇಲ್ಲ."

"ರೂಪ ಇಲ್ಲದ್ದರ ಚಿತ್ರ ಯಾರು ಬರೆದರು?"

ಅಧಿಕಾರಿ ಚಹಾ ತರಿಸಿದ. ಥೋವಾ ಚಹಾ ಕುಡಿದು ಕರಪತ್ರ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಚಿತ್ರ ನೋಡಿದರೆ ಕಂಡಂತಾಯಿತೇ ಎಂದು ಮನಸ್ಸು ಕೊರೆಯುತ್ತಲೇ ಇತ್ತು. ಆದರೂ ರಟ್ಟು ಕತ್ತರಿಸಿ, ಹಳೆಯ ಪತ್ರಿಕೆ ತುಂಬಿ ಉಬ್ಬಿಸಿ, ಮೇಲೆ ಬಂಗಾರದ ಕಾಗದ ಹೊದಿಸಿ ಒಂದು ನಾಣ್ಯ ಮಾಡಿದಳು. ಕರಪತ್ರಕ್ಕಿಂತ ಅದೇ ಚೆನ್ನಾಗಿತ್ತು. ಅಂಗಡಿಯ ಮುಂದೆ ಒಣಗಲು ನೇತುಹಾಕಿದಳು.

ಅವಳಿಗೆ ಆ ನಾಣ್ಯವನ್ನು ಕಾಣುವ ಹಟ ಇನ್ನೊಂದು ಕಾರಣಕ್ಕೂ ಇತ್ತು. ಅವಳ ಗಂಡ ದ್ವಾನ್ ನೂಲಿನ ಮಿಲ್ಲಿನಿಂದ ನಿವೃತ್ತನಾದವನು. ಹೆಂಡತಿಯ ಕಸುಬು ಅವನಿಗೆ ಎಂದೂ ಹಿಡಿಸಿರಲಿಲ್ಲ. ಅಂಟಿನ ವಾಸನೆಗೆ ಮೂಗು ಮುಚ್ಚಿಕೊಂಡು, ಮುಂಭಾಗದ ಕೋಣೆಯನ್ನು ಕಣ್ಣೆತ್ತಿ ನೋಡದೆ ದಾಟಿ, ಬೀದಿ ಸೇರಿ, ಚಹಾದಂಗಡಿಯ ಬೆಂಚಿನಲ್ಲಿ ಬದುಕು ಸವೆಸುತ್ತಿದ್ದ. ಅಲ್ಲಿ ಅವನಿಗೆ ತ್ರಿಯೂ ಎಂಬ ನುಣ್ಣನೆ ಮಾತಿನ ಯುವಕ ಗಂಟುಬಿದ್ದ. ಮದುವೆ ಹಾಲಿನಲ್ಲಿ ಸಭೆ, ಬಿಟ್ಟಿ ಊಟ, ತಲೆಗೊಂದು ಟೋಪಿ. ಕಮಲ ನಾಣ್ಯ ಎಂಬ ಹೊಸ ಕ್ರಿಪ್ಟೊಗೆ ಹಣ ಹಾಕಿದವರು ಬರುವ ಹೊಸ ವರ್ಷದ ಹಬ್ಬಕ್ಕೆ ಕಾರಿನಲ್ಲಿ ಓಡಾಡುತ್ತಾರಂತೆ. ದ್ವಾನ್‌ಗೆ ಹಾಕಲು ಹಣವೆಲ್ಲಿ? ಬೀದಿಗೆ ಮುಖ ಮಾಡಿದ ಮುಂಭಾಗದ ಕೋಣೆ ಮಾರಬೇಕು. ಎಂದರೆ ಥೋವಾಳ ಅಂಗಡಿಯೇ ಹೋಗಬೇಕು. ಪತ್ರಕ್ಕೆ ಅವಳ ರುಜು ಬೇಕು.

"ಒಂದು ಸಲ ಆ ನಾಣ್ಯ ತಂದು ನನ್ನ ಕೈಯಲ್ಲಿಡಿ. ಕಣ್ಣಾರೆ ಕಂಡರೆ ಆವತ್ತೇ ರುಜು ಹಾಕ್ತೀನಿ."

"ಕಾಣಲ್ಲ ಅಂದ್ರೆ ಇಲ್ಲ ಅಂತಲ್ಲ ಕಣೇ. ಸತ್ತವರಿಗೆ ಲಾರಿಗಟ್ಟಲೆ ಸಾಮಾನು ಕಳಿಸ್ತೀಯಲ್ಲ, ಅದು ತಲುಪಿದ್ದನ್ನ ಯಾರು ಕಂಡಿದಾರೆ?"

ಥೋವಾ ಸ್ವಲ್ಪ ಹೊತ್ತು ಅಂಟು ಕಲಕಿದಳು. ಆ ಮಾತು ನಾಟಿತ್ತು.

"ನಾನು ಯಾವ ಸತ್ತವನಿಗೂ ಮನೆ ಮಾರಿ ಬಾ ಅಂದಿಲ್ಲ."

"ಕಂಡರೆ ರುಜು ಹಾಕ್ತೀಯಾ? ಮಾತು ತಪ್ಪಲ್ವಾ?"

"ನನ್ನ ಮಾತು ನಿಮ್ಮ ಟೋಪಿಗಿಂತ ಗಟ್ಟಿ."

ಅದೇ ವಾರ ಅಂಗಡಿಯ ಮುಂದೆ ಒಂದು ಕಾರು ನಿಂತಿತು. ಇಳಿದವನು ಇಸ್ತ್ರಿ ಮಾಡಿದ ಅಂಗಿಯ ಯುವಕ. ಒಣಗುತ್ತಿದ್ದ ನಾಣ್ಯವನ್ನು ಕೈಯಲ್ಲಿ ತಿರುಗಿಸಿ, ಕೆಂಪು ಕಮಲದ ಮುದ್ರೆ ಕಂಡು ಅವನ ಮುಖ ಅರಳಿತು.

"ಚಿಕ್ಕಮ್ಮ, ಇಂಥವು ಒಂದು ಸಭೆಗಾಗುವಷ್ಟು ಬೇಕು. ಒಂದು ದೊಡ್ಡದೂ ಇರಲಿ, ತಟ್ಟೆಯಷ್ಟು. ಮುದ್ರೆ ಹೀಗೇ ಇರಲಿ."

"ಯಾರ ತಿಥಿಯಪ್ಪ?"

"ದೊಡ್ಡ ಕಾರ್ಯಕ್ರಮ."

"ಹೆಸರು ಹೇಳು, ಚೀಟಿಯಲ್ಲಿ ಬರೀತೀನಿ."

"ಖಾಲಿ ಬಿಡಿ. ನಾವೇ ಬರ್ಕೊಳ್ತೀವಿ."

ಚೌಕಾಶಿಯನ್ನೂ ಮಾಡದೆ ಹಣ ಕೊಟ್ಟು ಹೋದ. ಯಾರೋ ದೊಡ್ಡ ಮನುಷ್ಯ ಸತ್ತಿರಬೇಕು, ಮಕ್ಕಳು ಮರ್ಯಾದೆ ಕಲಿತಿದ್ದಾರೆ ಎಂದುಕೊಂಡಳು ಥೋವಾ. ಮುಂಭಾಗದ ಕೋಣೆಯ ತುಂಬ ನಾಣ್ಯಗಳು ತೂಗಿದವು. ದ್ವಾನ್ ಮೂಗು ಮುಚ್ಚಿಕೊಂಡು, ತಲೆ ತಗ್ಗಿಸಿ, ಅವುಗಳ ಕೆಳಗೇ ನುಸುಳಿ ಚಹಾದಂಗಡಿಗೆ ಹೋಗಿ ಬಂದ.

ಕೆಲವು ದಿನ ಕಳೆದು, ಮಧ್ಯಾಹ್ನ ಅವಳು ಪಾಲಕ್ ಸೋಸುತ್ತಿದ್ದಾಗ ದ್ವಾನ್ ಎದೆಯುಬ್ಬಿಸಿಕೊಂಡು ಬಂದ. ಒಂದು ಕೈಯಲ್ಲಿ ಮನೆಯ ಪತ್ರ, ಇನ್ನೊಂದರಲ್ಲಿ ಮಖಮಲ್ಲಿನ ಡಬ್ಬಿ.

"ಕಣ್ಣಾರೆ ಕಾಣಬೇಕು ಅಂದಿದ್ದೆಯಲ್ಲ. ಕಾಣು. ಸದಸ್ಯರಿಗೆಲ್ಲ ಒಂದೊಂದು ಕೊಟ್ರು. ನಾಳೆ ಹಣ ತರೋ ದಿನ."

ಥೋವಾ ಕೈ ಒರೆಸಿಕೊಂಡು ಡಬ್ಬಿ ತೆರೆದಳು. ಒಂದು ಗಳಿಗೆ ನೋಡಿದಳು. ಮೂಸಿದಳು, ಅಕ್ಕಿ ಗಂಜಿಯ ವಾಸನೆ. ತಿರುಗಿಸಿದಳು. ಕೆಂಪು ಕಮಲ. ಅದರ ಕೆಳಗೆ ಹಳದಿ ಚೀಟಿ, ಅದರ ಮೇಲೆ ಗುಂಡಗಿನ ಅಕ್ಷರದಲ್ಲಿ ಗಂಡನ ಪೂರ್ತಿ ಹೆಸರು, ಹುಟ್ಟಿದ ವರ್ಷ, ಮಡಕೆ ಓಣಿಯ ವಿಳಾಸ.

ಅವಳು ಹಾಗೇ ಗೋಡೆಗೆ ಒರಗಿ ಕೂತಳು.

"ನೀವು ಯಾವಾಗ ಸತ್ರಿ?"

"ಏನಂದೆ?"

"ಈ ಹೆಸರು ಬರೆದವರು ಯಾರು?"

"ಅವರೇ ಬರೆದರು. ಚೆಂದದ ಅಕ್ಷರ ಅಲ್ವಾ? ಮಾಲೀಕರ ಹೆಸರು ಬರೆಯೋ ಜಾಗವಂತೆ ಅದು."

"ಸತ್ತ ಮಾಲೀಕರ ಹೆಸರು ಬರೆಯೋ ಜಾಗ ಅದು. ನಿಮ್ಮ ತಲೆ ಮೇಲೆ ದಿನಗಟ್ಟಲೆ ತೂಗಾಡ್ತಿತ್ತಲ್ಲ, ಒಂದು ಸಲನಾದ್ರೂ ಕತ್ತೆತ್ತಿ ನೋಡಬಾರದಿತ್ತಾ?"

ದ್ವಾನ್ ನಾಣ್ಯ ನೋಡಿದ, ಹೆಂಡತಿಯನ್ನು ನೋಡಿದ, ಬಾಗಿಲಲ್ಲಿ ತೂಗುತ್ತಿದ್ದ ಕಾಗದದ ಕುದುರೆಯನ್ನು ನೋಡಿದ. ಮಿಲ್ಲು ಸೇರಿದ ಮೇಲೆ ಆ ಕೋಣೆಯನ್ನು ಅವನು ನಿಜವಾಗಿ ನೋಡಿದ್ದು ಆಗಲೇ. ಮೆಲ್ಲಗೆ ನಾಣ್ಯವನ್ನು ಪಾಲಕ್ಕಿನ ಬುಟ್ಟಿಯ ಮೇಲಿಟ್ಟು ಅಂಗೈಯನ್ನು ಪ್ಯಾಂಟಿಗೆ ಉಜ್ಜಿಕೊಂಡ.

"ಹರಿದು ಹಾಕಿದ್ರೆ?"

"ಹೆಸರು ಹರಿಯುತ್ತೆ. ಅರ್ಧ ಯಾವ ಕಡೆ ಹೋಗುತ್ತೋ."

"ಸುಟ್ರೆ?"

"ತಲುಪುತ್ತೆ. ತಗೊಳ್ಳೋಕೆ ನೀವು ಅಲ್ಲಿರಬೇಕಾಗುತ್ತೆ."

"ಸುಮ್ನೆ ಇಟ್ಕೊಂಡ್ರೆ?"

"ಯಾಕಿನ್ನೂ ಬಂದಿಲ್ಲ ಅಂತ ಅಲ್ಲಿಂದ ಕೇಳ್ಕೊಂಡು ಬರ್ತಾರೆ."

ಅಲ್ಲಿಯವರೆಗೆ ಧ್ವನಿವರ್ಧಕದ ಕೂಗಿಗಾಗಲಿ, ಹೆಂಡತಿಯ ಬೈಗುಳಕ್ಕಾಗಲಿ ಜಗ್ಗದಿದ್ದ ದ್ವಾನ್ ಅಂದು ಅನ್ನ ಮುಟ್ಟಲಿಲ್ಲ.

ಮಾರನೆಯ ದಿನ ಇಬ್ಬರೂ ಮದುವೆ ಹಾಲಿಗೆ ಹೋದರು. ಒಳಗೆ ಜನ ಕಿಕ್ಕಿರಿದಿದ್ದರು: ಮಿಲ್ಲಿನ ಹಳಬರು, ತರಕಾರಿಯವರು, ಕ್ಷೌರದವನು. ಎಲ್ಲರ ತಲೆಯ ಮೇಲೆ ಟೋಪಿ, ಎದೆಗವಚಿದ ಮಖಮಲ್ಲಿನ ಡಬ್ಬಿ. ಮೇಜಿನ ಮೇಲೆ ಹಣದ ಲಕೋಟೆಗಳ ರಾಶಿ. ವೇದಿಕೆಯ ಮೇಲೆ ತ್ರಿಯೂ ತಟ್ಟೆಯಷ್ಟು ದೊಡ್ಡ ನಾಣ್ಯವನ್ನು ಎತ್ತಿ ಹಿಡಿದು, ಇದು ನಿಮ್ಮ ನಾಳೆ ಎನ್ನುತ್ತಿದ್ದ. ಕಾರಿನಲ್ಲಿ ಬಂದವನು ಇವನೇ ಎಂದು ಥೋವಾಗೆ ತಿಳಿದದ್ದು ಆಗ.

ಅವಳು ಎದ್ದು ನಿಂತಳು.

"ಅಪ್ಪಾ, ಸಾಮಾನು ನಮ್ಮಂಗಡೀದು. ಚೆನ್ನಾಗಿ ಮಾಡಿದೀನಿ, ದೂರಿಲ್ಲ. ಆದರೆ ತಿಥಿ ಯಾರದ್ದು ಅಂತ ಹೇಳಲೇ ಇಲ್ಲವಲ್ಲ ನೀನು?"

ಸಭೆಯಲ್ಲಿ ಡಬ್ಬಿಗಳು ಟಪಟಪ ತೆರೆದುಕೊಂಡವು. ನಾಣ್ಯಗಳು ಮಗುಚಿದವು. ಕಮಲ, ಹಳದಿ ಚೀಟಿ, ಹೆಸರು. ಆ ಊರಿನಲ್ಲಿ ಹಳದಿ ಚೀಟಿಯ ಅರ್ಥ ತಿಳಿಯದವರಿಲ್ಲ. ಆದರೆ ಮಖಮಲ್ಲಿನ ಡಬ್ಬಿಯಲ್ಲಿ ಬಂದದ್ದೂ ಅದೇ ಚೀಟಿ ಎಂದು ಯಾರಿಗೂ ಹೊಳೆದಿರಲಿಲ್ಲ.

"ಇದು ಬರೀ ಗುರುತು," ಎಂದ ತ್ರಿಯೂ. "ನಿಜವಾದ ನಾಣ್ಯ ಫೋನಿನಲ್ಲಿದೆ. ನೋಡಿ, ಈಗಲೂ ಬೆಲೆ ಏರ್ತಿದೆ."

"ನನ್ನ ಹೆಸರು ಸತ್ತವರ ಚೀಟಿಗೆ ಏರಿದೆ, ಮೊದಲು ಅದನ್ನ ಇಳಿಸು," ಎಂದಳು ತರಕಾರಿಯವಳೊಬ್ಬಳು.

"ನನ್ನ ಮಗನ ಹೆಸರಲ್ಲಿ ತಗೊಂಡಿದೀನಲ್ಲೋ, ಅವನಿಗೆ ಇನ್ನೂ ಮದುವೆ ಆಗಿಲ್ಲ," ಎಂದ ಕ್ಷೌರದವನು.

ಲಾಭ ಎಷ್ಟು, ನಷ್ಟ ಎಷ್ಟು ಎಂದು ಒಬ್ಬರೂ ಕೇಳಲಿಲ್ಲ. ಹೆಸರು ವಾಪಸು ಕೊಡು ಎಂಬುದೊಂದೇ ಮಾತು. ಆಗ ತ್ರಿಯೂ ಮೆಲ್ಲಗೆ ತನ್ನ ತಟ್ಟೆಯಂಥ ನಾಣ್ಯವನ್ನೂ ಮಗುಚಿದ. ಹೆಸರು ಬರೆಯಲು ಅವನಿಟ್ಟಿದ್ದ ಹುಡುಗರು ಅದರ ಚೀಟಿಯಲ್ಲಿ ಅವನದೇ ಹೆಸರು ಬರೆದಿದ್ದರು, ಎಲ್ಲರಿಗಿಂತ ದಪ್ಪ ಅಕ್ಷರದಲ್ಲಿ. ಅವನೂ ಒಬ್ಬ ತಾಯಿಯ ಮಗ, ಅಜ್ಜನ ತಿಥಿಗೆ ಕಾಗದ ಸುಟ್ಟವನು. ವೇದಿಕೆಯಿಂದ ಇಳಿದು ಬಂದು ಥೋವಾಳ ಕಿವಿಯಲ್ಲಿ, "ಚಿಕ್ಕಮ್ಮ, ಇದಕ್ಕೆ ಪರಿಹಾರ ಇದೆಯಾ?" ಎಂದ.

ಥೋವಾಗೆ ಪರಿಹಾರ ಗೊತ್ತಿರಲಿಲ್ಲ. ಬದುಕಿರುವವರಿಗೆ ಯಾರೂ ಹೀಗೆ ಮಾಡಿದ್ದೇ ಇಲ್ಲ. ಆದರೆ ಗೊತ್ತಿಲ್ಲ ಎನ್ನುವುದು ಅವಳ ಬಾಯಲ್ಲಿ ಬರುವ ಮಾತಲ್ಲ.

"ಇದೆ. ಕೊಟ್ಟಿದ್ದು ಕೊಟ್ಟವರಿಗೆ ಹೋಗಬೇಕು. ಅವರು ನಾಣ್ಯ ಕೊಡ್ತಾರೆ, ನೀನು ಲಕೋಟೆ ಕೊಡು. ಎರಡೂ ಕೈಯಲ್ಲಿ, ತಲೆ ಬಗ್ಗಿಸಿ."

ಹಾಗೇ ನಡೆಯಿತು. ಒಬ್ಬೊಬ್ಬರಾಗಿ ನಾಣ್ಯವಿಟ್ಟು, ತ್ರಿಯೂ ಎರಡು ಕೈಯಲ್ಲಿ ಕೊಟ್ಟ ಲಕೋಟೆ ಪಡೆದು, ಹಿಂದೆ ತಿರುಗಿ ನೋಡದೆ ಹೊರಟರು. ಹಿಂದಿನ ತಿಂಗಳೇ ಹಣ ಹಾಕಿದ್ದ ಕೆಲವರಿಗೆ ಮಾತ್ರ ಏನೂ ಸಿಗಲಿಲ್ಲ. ಅದು ಫೋನಿನೊಳಗೆ ಹೋಗಿತ್ತು, ಫೋನಿನೊಳಗಿಂದ ಎಲ್ಲಿಗೆ ಹೋಯಿತೋ ತ್ರಿಯೂಗೇ ತಿಳಿದಿರಲಿಲ್ಲ. ಅವನೂ ಸಂಜೆಯೊಳಗೆ ಊರು ಬಿಟ್ಟ. ದೊಡ್ಡ ನಾಣ್ಯವನ್ನು ಜೊತೆಗೆ ಒಯ್ಯುವ ಧೈರ್ಯ ಅವನಿಗೂ ಆಗಲಿಲ್ಲ.

ನಾಣ್ಯಗಳೆಲ್ಲ ಮುಂಭಾಗದ ಕೋಣೆಗೇ ಮರಳಿದವು. ಅವನ್ನು ಸುಡುವಂತಿಲ್ಲ, ಎಸೆಯುವಂತಿಲ್ಲ. ಬಿಸಿನೀರಿನ ಬಟ್ಟೆ ಒತ್ತಿ, ಚೀಟಿ ನೆನೆಸಿ, ಉಗುರಿನಿಂದ ಹೆಸರು ಉಜ್ಜಿ ತೆಗೆಯಬೇಕು. ದ್ವಾನ್ ತನ್ನ ಹೆಸರನ್ನು ತಾನೇ ಉಜ್ಜುತ್ತೇನೆ ಎಂದು ಕೂತ. ಅದು ಮುಗಿದ ಮೇಲೆ ಏಳಲಿಲ್ಲ, ಕ್ಷೌರದವನ ಮಗನದನ್ನು ಎತ್ತಿಕೊಂಡ. ಮನೆಯ ಪತ್ರ ಮತ್ತೆ ಪೆಟ್ಟಿಗೆಯ ತಳ ಸೇರಿತು.

ಲೂಯೆನ್ ತನ್ನ ಅಪ್ಪನ ಹೆಸರು ಬರೆಸಿ ಒಂದು ನಾಣ್ಯ ಒಯ್ದು ಸುಟ್ಟಳು. ತಿಥಿ ಕಳೆದ ಮೇಲೆ ಬಂದಳು.

"ಅಪ್ಪ ಕನಸಲ್ಲಿ ಬಂದಿದ್ದ ಕಣಕ್ಕ. ನಾಣ್ಯ ತಲುಪಿದೆ."

"ಉಂಡನಾ?"

"ಎಲ್ಲಿ? ಆ ಕಡೇನೂ ಎಲ್ಲರೂ ಹಿಡ್ಕೊಂಡು ಕೂತಿದಾರಂತೆ, ಕೊಳ್ಳೋರೇ ಇಲ್ವಂತೆ. ಒಂದು ಕೋಳಿ ಕಳಿಸು ಅಂದ."

ಥೋವಾ ಕೋಳಿ ಮಾಡಿಕೊಟ್ಟಳು. ಕೋಳಿಯನ್ನು ಅವಳು ಕಂಡಿದ್ದಳು.

ಧ್ವನಿವರ್ಧಕ ಮೊದಲಿನಂತೆಯೇ ಕೂಗುತ್ತಿದೆ. ಮೊನ್ನೆ ವಾರ್ಡು ಕಚೇರಿಯ ಅಧಿಕಾರಿ ಖುದ್ದು ಅಂಗಡಿಗೆ ಬಂದ. ಜನಜಾಗೃತಿಗೆ ಒಂದು ಪ್ರದರ್ಶನ ಇಡುತ್ತಾರಂತೆ, ಕ್ರಿಪ್ಟೊ ಹೇಗಿರುತ್ತದೆ ಎಂದು ಜನಕ್ಕೆ ತೋರಿಸಬೇಕಂತೆ, ಒಂದು ನಾಣ್ಯ ಬೇಕಂತೆ.

ಒಳಗೆ ಮೊಣಕೈವರೆಗೆ ಅಂಟು ಮೆತ್ತಿಕೊಂಡು ಕೂತಿದ್ದ ದ್ವಾನ್ ತಲೆಯೆತ್ತದೆ ಹಳದಿ ಚೀಟಿಯ ಕಟ್ಟಿಗೆ ಕೈ ಹಾಕಿದ.

"ಯಾರ ಹೆಸರಿಗೆ ಸ್ವಾಮಿ?" ಎಂದ.